ಕೆನ್ನೆ ಮರಗಟ್ಟಿದಾಗ

ನೋವಾಗುತ್ತಿದೆಯೇ ಎಂದು ಕೇಳುವುದು ನನ್ನ ಕಸುಬಿನ ಅರ್ಧ ಭಾಗ. ಸೂಜಿ ಹಿಡಿಯುವುದು ಉಳಿದರ್ಧ. ಮಡಿಕೇರಿಯ ಒಂದು ಏರುರಸ್ತೆಯಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲೆ ನನ್ನ ಚರ್ಮದ ಕ್ಲಿನಿಕ್ ಇದೆ. ತುರಿಕೆ, ಮೊಡವೆ, ಬಿಳಿಮಚ್ಚೆಯವರ ಜೊತೆಗೆ ಮುಖಕ್ಕೆ ಇಂಜೆಕ್ಷನ್ ಹಾಕಿಸಿಕೊಳ್ಳುವವರೂ ಬರುತ್ತಾರೆ. ತುಟಿ ತುಂಬಿಸಿಕೊಳ್ಳುವ ಮದುಮಗಳು, ಹಣೆಯ ಗೆರೆ ಅಳಿಸಿಕೊಳ್ಳುವ ಎಸ್ಟೇಟ್ ಮಾಲೀಕರ ಹೆಂಡತಿ, ಇತ್ತೀಚೆಗೆ ಮಾಲೀಕರೂ. ಗಂಡಸರೇ ಹೆಚ್ಚು ಕೂಗುವುದು. ಹಂದಿ ಬೇಟೆಯ ಕಥೆ ಹೇಳುತ್ತಲೇ ಕುರ್ಚಿ ಹತ್ತಿದವರೊಬ್ಬರು ಸೂಜಿಯ ಮುಚ್ಚಳ ತೆಗೆದ ಸದ್ದಿಗೇ ಕಣ್ಣು ತೇಲಿಸಿದ್ದರು. ಅವರನ್ನು ನಾನೂ ನಮ್ಮ ನರ್ಸಮ್ಮನೂ ಸೇರಿ ನೆಲಕ್ಕಿಳಿಸಿ ಕಾಲೆತ್ತಿ ಹಿಡಿದಿದ್ದೆವು.

ಯಾರೇ ಬಂದರೂ ಕೇಳುವ ಪ್ರಶ್ನೆ ಒಂದೇ. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯಲಾಗದ್ದು; ಈಗ ಎಷ್ಟು? ಇದು ಉಪಚಾರದ ಮಾತಲ್ಲ. ಮುಖದ ಚರ್ಮದ ಕೆಳಗೆ ರಕ್ತನಾಳಗಳು ಹೆಣೆದುಕೊಂಡಿವೆ. ನಾವು ತುಂಬಿಸುವ ಅಂಟು ಜೆಲ್ ಅಪ್ಪಿತಪ್ಪಿ ನಾಳದೊಳಗೆ ಹೋದರೆ ಅಲ್ಲಿನ ಚರ್ಮ ಬಿಳುಚಿಕೊಳ್ಳುತ್ತದೆ, ತಡಮಾಡಿದರೆ ಕೊಳೆಯುತ್ತದೆ, ಕಣ್ಣಿಗೂ ಅಪಾಯ ಉಂಟು. ಎಷ್ಟೋ ಸಲ ಅದನ್ನು ಮೊದಲು ಹೇಳುವುದು ನೋವು. ಇದ್ದಕ್ಕಿದ್ದಂತೆ, ಚುಚ್ಚಿದ್ದನ್ನು ಮೀರಿದ ನೋವು. ಆ ಜೆಲ್ ಕರಗಿಸುವ ಮದ್ದನ್ನು ತಟ್ಟೆಯಲ್ಲಿ ಇಟ್ಟುಕೊಂಡೇ ನಾನು ಕೆಲಸ ಶುರು ಮಾಡುವುದು. ಆದರೆ ಅದನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂದು ಹೇಳಬೇಕಾದವರು ಕುರ್ಚಿಯಲ್ಲಿ ಮಲಗಿದವರು.

ಆ ಹೆಂಗಸು ಬಂದದ್ದು ಮಳೆಗಾಲ ಇನ್ನೂ ಹಿಡಿಯದ ದಿನಗಳಲ್ಲಿ. ನಲವತ್ತರ ಆಸುಪಾಸು. ಭಾಗಮಂಡಲದಾಚೆ, ಕರಿಕೆಗೆ ಹೋಗುವ ರಸ್ತೆಯ ಕಡೆಯ ಅರೆಭಾಷೆ ಆಡುವ ಗೌಡರ ಮನೆಯವರು. ಈಗ ಆ ಮನೆ ಇಲ್ಲ. ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಮನೆಯ ಹಿಂದಿನ ಬರೆ, ಗುಡ್ಡದ ಕಡಿದಾದ ಮಣ್ಣಿನ ಬದಿ, ಜರಿದು ಹೋಯಿತು. ಸದ್ಯಕ್ಕೆ ಮಡಿಕೇರಿಯ ಹತ್ತಿರ, ಮನೆ ಕಳೆದುಕೊಂಡವರಿಗೆ ಕಟ್ಟಿದ ಕಾಲೊನಿಯಲ್ಲಿ ಇದ್ದಾರೆ. ಸೆರಗನ್ನು ಎಡಗೆನ್ನೆಗೆ ಒತ್ತಿಹಿಡಿದು ಒಳಗೆ ಬಂದವರು, ಕುರ್ಚಿಯಲ್ಲಿ ಕೂತ ಮೇಲೆ ಅದನ್ನು ತೆಗೆದರು. ಕಣ್ಣಿನ ಕೆಳಗಿಂದ ಬಾಯಿಯ ಮೂಲೆಯವರೆಗೆ ಕೆನ್ನೆ ಒಳಗೆ ಕುಸಿದಿತ್ತು. ನಡುವೆ ಬಿಗಿದುಕೊಂಡ ಹಳೆಯ ಗಾಯದ ಗುರುತು. ಮೂಳೆಯನ್ನು ಯಾರೋ ಚೆನ್ನಾಗಿಯೇ ಕೂಡಿಸಿದ್ದರು. ಮೇಲಿನ ಮಾಂಸ ಮಾತ್ರ ಹೋಗಿತ್ತು.

"ಡಾಕ್ಟ್ರೇ, ನಂಗೆ ಚೆಂದ ಆಗೂದು ಬೇಡ. ಈ ಗುಂಡಿ ಒಂದು ಮುಚ್ಚಿದ್ರೆ ಸಾಕು" ಎಂದರು.

"ಇಷ್ಟು ವರ್ಷ ಆದ ಮೇಲೆ ಈಗ ಯಾಕೆ ಅಕ್ಕ?"

"ಹೊರಗೆ ಕೂತಿದ್ದಾಳಲ್ಲ, ನನ್ನ ಮಗಳು. ಬರೆ ಜರಿದಾಗ ಹತ್ತು ವರ್ಷ ಅವಳಿಗೆ. ಅವತ್ತಿಂದ ನನ್ನ ಮುಖ ನೋಡಿದವಳಲ್ಲ. ಮಾತಾಡ್ತಾಳೆ, ಕೆಲಸ ಮಾಡ್ತಾಳೆ, ಎಲ್ಲ ಉಂಟು. ಮುಖ ಮಾತ್ರ ನೋಡುದಿಲ್ಲ. ಇನ್ನು ಮಂಗಳೂರಿಗೆ ನರ್ಸಿಂಗಿಗೆ ಹೋಗ್ತಾಳೆ, ಹಾಸ್ಟೆಲಿಗೆ. ಹೋಗುವ ಮೊದಲು ಒಂದ್ಸಲ ನೆಟ್ಟಗೆ ನೋಡಿ ಹೋಗ್ಲಿ. ಅಷ್ಟೇ."

ನಾನು ಬಾಗಿಲ ಸಂದಿಯಿಂದ ನೋಡಿದೆ. ಎರಡು ಜಡೆಯ, ಗಂಭೀರ ಮುಖದ ಹುಡುಗಿ ಬೆಂಚಿನ ತುದಿಯಲ್ಲಿ ಕೂತು ಗೋಡೆಯ ಮೇಲಿನ ಸನ್‌ಸ್ಕ್ರೀನ್ ಜಾಹೀರಾತನ್ನು ಪರೀಕ್ಷೆಗೆ ಓದುವಂತೆ ಓದುತ್ತಿದ್ದಳು. ಒಪ್ಪಿಕೊಂಡೆ. ಕೆಲಸ ಸುಲಭದ್ದಲ್ಲ ಎಂದು ಗೊತ್ತಿತ್ತು. ಗಾಯವಾದ ಜಾಗದಲ್ಲಿ ನಾಳಗಳು ಇರಬೇಕಾದಲ್ಲಿ ಇರುವುದಿಲ್ಲ. ಅಂಟಿಕೊಂಡ ಎಳೆಗಳನ್ನು ಒಳಗಿನಿಂದ ಸೂಜಿಯಲ್ಲಿ ಬಿಡಿಸಿ, ಆಮೇಲೆ ಮೊಂಡು ತುದಿಯ ಉದ್ದನೆಯ ಸೂಜಿಯಿಂದ ಜೆಲ್ಲನ್ನು ಸ್ವಲ್ಪ ಸ್ವಲ್ಪವೇ ತುಂಬಬೇಕು. ಆದರೂ ಅಸಾಧ್ಯವೇನಲ್ಲ. ನನಗೆ ಇಂಥ ಕೆಲಸ ಇಷ್ಟ ಕೂಡ. ಸುಕ್ಕಿಲ್ಲದ ಹಣೆಯ ಸುಕ್ಕು ತೆಗೆದು ತೆಗೆದು ಬೇಸರ ಬಂದಿತ್ತು.

ಮೊದಲ ದಿನ ಎಲ್ಲರಿಗೂ ಮಾಡುವ ಹಾಗೆಯೇ ಮಾಡಿದೆ. ಕೆನ್ನೆಗೆ ಮರಗಟ್ಟಿಸುವ ಕ್ರೀಮ್ ಹಚ್ಚಿ, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕೂರಿಸಿದೆ. ಚುಚ್ಚುವಾಗ ಪಕ್ಕದಲ್ಲಿ ಹಿಡಿಯುವ ಪುಟ್ಟ ಕಂಪಿಸುವ ಯಂತ್ರ ಒಂದಿದೆ. ಗುಂಯ್ ಎಂದು ನಡುಗುತ್ತದೆ, ನರಗಳ ಗಮನ ಆ ನಡುಕದ ಕಡೆ ಹೋಗಿ ಸೂಜಿಯ ನೋವು ತಗ್ಗುತ್ತದೆ. ಕ್ರೀಮ್ ಒರೆಸಿ, ಯಂತ್ರ ಹಚ್ಚಿ, ಸೂಜಿಯನ್ನು ಕೈಗೆತ್ತಿಕೊಂಡಿದ್ದೆ ಅಷ್ಟೇ. ಅವರ ಮೈಯೆಲ್ಲ ಬೆವರಿತು. ಉಸಿರು ಮೇಲೆ ಮೇಲೆ ಬರತೊಡಗಿತು. ಎರಡು ಕೈಯಿಂದ ಕುರ್ಚಿಯ ಹಿಡಿ ಹಿಡಿದು ಏಳಲು ನೋಡಿದರು.

"ಮೇಡಂ, ಪಲ್ಸ್ ನೋಡಿ" ಎಂದು ನರ್ಸಮ್ಮ ಕೂಗಿದಳು. ಅವಳು ಗಡಿಯಾಚೆಯ ಮಲಯಾಳಿ, ಹತ್ತು ಮದುವೆಗೆ ಒಬ್ಬಳೇ ಅಡಿಗೆ ಮಾಡುವಷ್ಟು ಧೈರ್ಯದವಳು. ಬೆರಳಿಗೆ ಸಿಕ್ಕಿಸಿದ್ದ ಕ್ಲಿಪ್ಪಿನಲ್ಲಿ ನಾಡಿ ಓಡುತ್ತಿತ್ತು. ಔಷಧಿ ಒಗ್ಗದೆ ಹೋಯಿತೇನೋ ಎಂದು ತಡಕಾಡಿ ನೋಡಿದೆ. ಮೈ ಮೇಲೆ ದದ್ದಿಲ್ಲ, ತುಟಿ ಊದಿಲ್ಲ, ಎದೆಯಲ್ಲಿ ಸಿಳ್ಳೆಯಿಲ್ಲ, ರಕ್ತದೊತ್ತಡ ಇಳಿದಿಲ್ಲ, ಏರಿದೆ. ಯಂತ್ರ ನಿಲ್ಲಿಸಿ, ಮಲಗಿಸಿ, ಕೈ ಹಿಡಿದು ಕೂತೆ. ಕೆನ್ನೆಗೆ ಮತ್ತೆ ಜೀವ ಬರುವಷ್ಟು ಹೊತ್ತಿಗೆ ಅವರು ಸರಿಯಾದರು. ಎದ್ದು ಸೆರಗು ಸರಿಮಾಡಿಕೊಂಡು, ಎಂತದ್ದೋ ಅಪರಾಧ ಮಾಡಿದವರ ಹಾಗೆ, "ಮಗಳಿಗೆ ಹೇಳ್ಬೇಡಿ" ಎಂದರು.

ನಾನು ಕುಳಿತು ಯೋಚಿಸಿ ನನ್ನ ಪಾಂಡಿತ್ಯಕ್ಕೆ ತಕ್ಕ ಉತ್ತರ ಹುಡುಕಿದೆ. ಬರೆ ಜರಿಯುವ ಮೊದಲು ನೆಲ ಗುಂಯ್‌ಗುಡುತ್ತದೆ ಎಂದು ಆ ಕಡೆಯವರು ಹೇಳುವುದನ್ನು ಕೇಳಿದ್ದೆ. ತಪ್ಪು ಯಂತ್ರದ್ದೇ! ಮುಂದಿನ ಸಲ ಯಂತ್ರ ಬಿಟ್ಟು ಬರೀ ಕ್ರೀಮ್ ಮತ್ತು ಐಸ್ ಸಾಕು ಎಂದು ತೀರ್ಮಾನಿಸಿದೆ. ಔಷಧಿ ಒಗ್ಗುತ್ತದೋ ಇಲ್ಲವೋ ಎಂದು ಕೈಯ ಚರ್ಮದ ಮೇಲೆ ಪರೀಕ್ಷೆಯೂ ಆಯಿತು. ಏನೂ ತೊಂದರೆಯಿಲ್ಲ.

ಎರಡನೆಯ ಸಲ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು. ಯಂತ್ರವೇ ಇಲ್ಲ, ಸೂಜಿ ಇನ್ನೂ ಕವರಿನೊಳಗೇ ಇದೆ, ಕೋಣೆ ನಿಶ್ಶಬ್ದ. ಕೆನ್ನೆ ಮರಗಟ್ಟುತ್ತಿದ್ದ ಹಾಗೆ ಅವರ ಬೆರಳುಗಳು ಕೆನ್ನೆಯನ್ನು ಹುಡುಕತೊಡಗಿದವು. ಒತ್ತಿ ನೋಡಿದರು, ಚಿವುಟಿ ನೋಡಿದರು. ನಾಡಿ ಮತ್ತೆ ಓಟ ಕಿತ್ತಿತು. ನೋವು ತೆಗೆಯಲು ನಾನು ಏನೇ ಮಾಡಲಿ, ಇವರ ಜೀವ ಅದಕ್ಕೆ ವಿರುದ್ಧ ಎಳೆಯುತ್ತಿತ್ತು; ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ.

ಆಗ ನಡೆದದ್ದು ಒಂದು ಸಣ್ಣ ಸಂಗತಿ. ಅವರನ್ನು ಹಿಡಿಯುವ ಗಡಿಬಿಡಿಯಲ್ಲಿ ನರ್ಸಮ್ಮನ ಬಳೆಯ ಚೂಪು ಅವರ ಗಲ್ಲದ ಕೆಳಗೆ, ಕ್ರೀಮ್ ತಾಗದ ಜಾಗದಲ್ಲಿ, ಚುಚ್ಚಿ ಗೀಚಿತು. ಚುಕ್ಕೆ ರಕ್ತವೂ ಬಂತು. ನಾನು ನರ್ಸಮ್ಮನ ಮೇಲೆ ರೇಗಲು ಬಾಯಿ ತೆರೆದವಳು ಕ್ಲಿಪ್ಪಿನ ಅಂಕಿ ನೋಡಿ ಸುಮ್ಮನಾದೆ. ನಾಡಿ ಇಳಿಯುತ್ತಿತ್ತು. ಅವರು ಆ ಗೀರಿನ ಮೇಲೆ ಬೆರಳಿಟ್ಟು, ಉರಿಯುವ ಜಾಗವನ್ನೇ ಒತ್ತಿಕೊಂಡು, ನಿಧಾನವಾಗಿ ಉಸಿರು ಬಿಟ್ಟರು.

"ಇಲ್ಲಿ ಗೊತ್ತಾಗ್ತದೆ" ಎಂದರು. "ಹೀಗೆ ಗೊತ್ತಾದ್ರೆ ನಂಗೆ ಏನೂ ಆಗುದಿಲ್ಲ. ನೀವು ಆ ಕ್ರೀಮ್ ಹಚ್ಚದೆ ಚುಚ್ಚಿ."

ನನಗೆ ಓದಿನಲ್ಲಿ ಹೇಳಿಕೊಟ್ಟದ್ದೆಲ್ಲ ನೋವು ಕಳೆಯುವ ದಾರಿ. ನೋವಿಗೆ ಹೆದರಿ ಓಡಿಹೋದವರನ್ನು ನೋಡಿದ್ದೇನೆ. ನೋವು ಹೋದದ್ದಕ್ಕೆ ಹೆದರಿದವರನ್ನು ನೋಡಿರಲಿಲ್ಲ. ಆ ಸಂಜೆ ಕ್ಲಿನಿಕ್ ಮುಚ್ಚಿ ಇಳಿಯುವಾಗ ನನಗೆ ಗೊತ್ತಿಲ್ಲದೆಯೇ ನನ್ನ ಕೆನ್ನೆಯನ್ನು ನಾನೇ ಚಿವುಟಿಕೊಂಡು ನೋಡಿದ್ದೆ.

ಮೂರನೆಯ ಸಲ ಕ್ರೀಮ್ ಇಲ್ಲ, ಐಸ್ ಇಲ್ಲ. ಒಳಗಿನ ಎಳೆಗಳನ್ನು ಸ್ವಲ್ಪವೇ ಬಿಡಿಸಿದೆ. ಆ ಕೆಲಸದಲ್ಲಿ ಸೂಜಿ ಗಾಯದ ಎಳೆ ಕಡಿಯುವಾಗ ಕರಕರ ಎನ್ನುವುದು ಕೈಗೆ ತಿಳಿಯುತ್ತದೆ, ಮಲಗಿದವರ ಕಿವಿಗೂ ಕೇಳುತ್ತದೆ. ಸಾಮಾನ್ಯವಾಗಿ ನರಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಡದೆ ಇದನ್ನು ಯಾರೂ ಮಾಡುವುದಿಲ್ಲ. ಅವರು ಅಲುಗಲಿಲ್ಲ. ನಾಡಿ ಮಲಗಿದ ಮಗುವಿನ ಹಾಗೆ ಸಮವಾಗಿತ್ತು.

"ಎಷ್ಟು ಅಕ್ಕ?"

"ಸೊನ್ನೆ."

"ಸೊನ್ನೆ ಹೇಗೆ ಆಗ್ತದೆ? ನಿಜ ಹೇಳಿ."

"ಸೊನ್ನೆ ಡಾಕ್ಟ್ರೇ. ಏನೂ ನೋವಿಲ್ಲ" ಎಂದರು, ಸ್ವಲ್ಪ ಗಟ್ಟಿಯಾಗಿಯೇ. ಕಣ್ಣಿನ ಮೂಲೆಯಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಅವರ ಕಣ್ಣು ಪ್ಲೈವುಡ್ ಗೋಡೆಯ ಮೇಲಿತ್ತು. ಆ ಗೋಡೆಯಾಚೆ ಬೆಂಚು, ಬೆಂಚಿನ ಮೇಲೆ ಮಗಳು. ನನ್ನ ಕ್ಲಿನಿಕ್ಕಿನ ಗೋಡೆಗೆ ಕಿವಿ ಮಾತ್ರವಲ್ಲ, ಬಾಯಿಯೂ ಇದೆ. ಇಲ್ಲಿ ಪಿಸುಗುಟ್ಟಿದ್ದು ಅಲ್ಲಿ ಕೇಳುತ್ತದೆ.

ನನಗೆ ಸಿಟ್ಟು ಬಂತು. ನೋವನ್ನು ಇಟ್ಟುಕೊಂಡದ್ದು ಅವರ ಹಟಕ್ಕೆ. ಅದನ್ನು ಹೇಳದೆ ಹೋದರೆ ನನಗೇನು ಉಪಯೋಗ? ಆದರೂ ಕೈಯಲ್ಲಿ ಸೂಜಿ ಇರುವಾಗ ಸಿಟ್ಟಿಗೆ ಜಾಗವಿಲ್ಲ. ಚರ್ಮದ ಬಣ್ಣವನ್ನೇ ನೋಡಿಕೊಂಡು, ಮೊಂಡು ಸೂಜಿ ತೂರಿಸಿ ಮೊದಲ ಹನಿ ಜೆಲ್ ಬಿಟ್ಟೆ. ಎರಡನೆಯದು, ಮೂರನೆಯದು. ಕುಸಿದ ಕೆನ್ನೆ ಸ್ವಲ್ಪ ಉಬ್ಬಿದ್ದು ಕಾಣಿಸಿತು. ಗೆದ್ದೆ ಅಂದುಕೊಂಡೆ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುವುದು ಸುಮ್ಮನೆ ಅಲ್ಲ. ನಾವು ಸಾಧಾರಣವಾಗಿ ತರಿಸುವ ಜೆಲ್ಲಿನಲ್ಲೇ ಮರಗಟ್ಟಿಸುವ ಔಷಧಿ ಬೆರೆಸಿರುತ್ತಾರೆ. ಗೊತ್ತಿದ್ದ ಸಂಗತಿಯೇ. ಇಷ್ಟು ಸ್ವಲ್ಪಕ್ಕೆ ಏನಾಗುತ್ತದೆ ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೆನ್ನೆ ಈ ಸಲ ಒಳಗಿನಿಂದ ಸತ್ತುಹೋಗತೊಡಗಿತು.

ಅವರು ಕಣ್ಣು ಮುಚ್ಚಿದರು. ತುಟಿ ಅಲುಗಿತು. ನಾನು ಸೂಜಿ ಹೊರಗೆಳೆದು ಕಿವಿ ಹತ್ತಿರ ತಂದೆ.

"ಕಾಲ್ ಎಲ್ಲಿ?" ಎನ್ನುತ್ತಿದ್ದರು. "ಕಾಲ್ ಎಲ್ಲಿ ಹೋತ್? ಕಾಲ್ ಎಲ್ಲಿ?"

ನರ್ಸಮ್ಮ ಓಡಿ ಅವರ ಪಾದಗಳನ್ನು ತಿಕ್ಕತೊಡಗಿದಳು. "ಇಲ್ಲುಂಟು ಅಕ್ಕ, ನಿಮ್ಮ ಕಾಲು ಇಲ್ಲೇ ಉಂಟು" ಎಂದು ಸಮಾಧಾನ ಹೇಳಿದಳು. ಅವರು ತಲೆ ಆಡಿಸುತ್ತಲೇ ಇದ್ದರು, ಅದಲ್ಲ, ಅದಲ್ಲ ಎನ್ನುವ ಹಾಗೆ. ಆ ದನಿ ನನಗೆ ಈಗಲೂ ಕೇಳುತ್ತದೆ. ಜೋರೇನಲ್ಲ, ಮನೆಯಲ್ಲಿ ಕತ್ತರಿ ಎಲ್ಲಿಟ್ಟೆ ಎಂದು ಹುಡುಕುವವರ ದನಿ. ಅದೇ ಹೆಚ್ಚು ಭಯ ಹುಟ್ಟಿಸಿತು.

ನರ್ಸಮ್ಮನ ಜೊತೆ ಮಗಳನ್ನು ಚಹಾ ಕುಡಿಯಲು ಕೆಳಗೆ ಕಳಿಸಿದೆ. ಕೆನ್ನೆಗೆ ಚುರುಕು ಬರುವವರೆಗೂ ಕಾದೆವು. ಆಮೇಲೆ ಅವರು ತಾವಾಗಿಯೇ ಹೇಳಿದರು, ಸೂರು ನೋಡಿಕೊಂಡು.

"ಮಧ್ಯಾಹ್ನ ಅದು. ನಾನೂ ಇವಳೂ ಅಡಿಗೆ ಕೋಣೇಲಿ. ಇವಳಪ್ಪ ಭಾಗಮಂಡಲಕ್ಕೆ ಹೋಗಿದ್ರು. ಬರೆ ಜರಿದದ್ದು ಗೋಡೆ ಸಮೇತ ಒಳಗೆ ಬಂತು. ನಾನು ಕುತ್ತಿಗೆವರೆಗೆ ಹೂತು ಹೋದೆ, ಇವಳು ಸೊಂಟದವರೆಗೆ. ನನ್ನ ಎರಡೂ ಕೈ ಕೆಸರಿನೊಳಗೆ. ಕೆಸರು ಮೆಲ್ಲ ಮೆಲ್ಲ ಏರ್ತಾ ಉಂಟು. ಇವಳು ಹೇಗೋ ಕೊಸರಿಕೊಂಡು ಹೊರಗೆ ಬಂದ್ಳು, ಆದ್ರೆ ಕಾಲಿಟ್ಟಲ್ಲೆಲ್ಲ ಹೂತು ಹೋಗ್ತದೆ. ಮೇಲೆ ಅಟ್ಟದ ಅಡ್ಡ ತೊಲೆ ಉಂಟು, ಅವಳ ಕೈಗೆ ಎಟುಕುದಿಲ್ಲ. ನನ್ನ ಮುಖದ ಮೇಲೆ ಕಾಲಿಟ್ಟು ಹತ್ತು ಅಂದೆ."

ಅವರ ಬೆರಳು ಮತ್ತೆ ಕೆನ್ನೆಯ ಗುಂಡಿಗೆ ಹೋಯಿತು.

"ಅವಳು ಒಪ್ಪುದಿಲ್ಲ. ನಮ್ಮಲ್ಲಿ ಹಿರಿಯರಿಗೆ ಕಾಲು ತಾಗಿದ್ರೇ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಪದ್ಧತಿ. ಮುಖಕ್ಕೆ ಕಾಲಿಡು ಅಂದ್ರೆ? ಬೈದೆ. ಬೈದ ಮೇಲೆ ಇಟ್ಟಳು. ಕೆನ್ನೆ ಮೇಲೆ ಒಡೆದ ಹಂಚು ಬಿದ್ದಿತ್ತು, ಕೆಸರಲ್ಲಿ ಅವಳಿಗೆ ಕಾಣ್ಲಿಲ್ಲ. ಅದರ ಮೇಲೆಯೇ ನಿಂತು ಅಡ್ಡ ಹಿಡ್ಕೊಂಡಳು. ನೋವಾದಾ ಅವ್ವ ಅಂತ ಕೇಳಿದಳು. ಇಲ್ಲೆ ಅಂದೆ, ನೋವೇ ಇಲ್ಲ ಅಂತ. ನೋವು ಅಂದ್ರೆ ಇಳಿದು ಬಿಡ್ತಾಳಲ್ಲ."

ಕೆಸರು ಅವರ ಕಿವಿ ಮುಚ್ಚಿತು, ಕಣ್ಣು ಮುಚ್ಚಿತು. ಮೂಗು ಬಾಯಿ ಮಾತ್ರ ಉಳಿದವು. ಬಾಯಿ ತೆರೆದರೆ ಕೆಸರು ಒಳಗೆ ಬರುವುದರಿಂದ ಮಾತು ನಿಲ್ಲಿಸಿದರು. ಮಗಳು ಇದ್ದಾಳೆ ಎಂದು ತಿಳಿಯುತ್ತಿದ್ದದ್ದು ಕೆನ್ನೆಯ ನೋವಿನಿಂದ ಮಾತ್ರ.

"ಜೀವ ಹೋಗುವ ನೋವು ಡಾಕ್ಟ್ರೇ. ಆದ್ರೆ ನೋವು ಇದ್ದಷ್ಟು ಹೊತ್ತು ಕಾಲು ಉಂಟು, ಕಾಲಿದ್ದಷ್ಟು ಹೊತ್ತು ಅವಳುಂಟು. ಆಮೇಲೆ ನೋವು ನಿಂತಿತು. ಕೆನ್ನೆ ಮರ ಆಯ್ತು. ಕಾಲು ತೆಗೆದಳಾ, ಮೇಲೆ ಹೋದಳಾ, ಕೆಳಗೆ ಹೋದಳಾ, ಯಾವುದೂ ಗೊತ್ತಿಲ್ಲ. ನನ್ನ ಅಗೆದು ತೆಗೆದು ಕಣ್ಣು ತೊಳೆಯುವವರೆಗೆ ಅವಳು ಸತ್ತುಹೋದವಳೇ."

ಪಕ್ಕದ ತೋಟದವರು ಬಂದು ಮಗಳನ್ನು ಅಡ್ಡದಿಂದ ಇಳಿಸಿಕೊಂಡಿದ್ದರಂತೆ, ಅವಳ ಮೈಗೆ ಗೀರೂ ಇಲ್ಲದ ಹಾಗೆ. ಅಂದಿನಿಂದ ಅವಳು ತಾಯಿಯ ಮುಖ ನೋಡುವುದಿಲ್ಲ. ಹುತ್ತರಿ ಹಬ್ಬಕ್ಕೆ ಹಿರಿಯರ ಕಾಲು ಹಿಡಿಯುವಾಗಲೂ ಅಪ್ಪನ ಕಾಲು ಹಿಡಿದು, ತಾಯಿಯ ಹತ್ತಿರ ಬಂದರೆ ತಲೆ ತಗ್ಗಿಸಿ ನಿಂತುಬಿಡುತ್ತಾಳೆ. ಕಾಲಿಟ್ಟ ಪಾಪ ಅವಳನ್ನು ತಿನ್ನುತ್ತಿದೆ ಎಂದು ಮನೆಯವರೆಲ್ಲ ತಿಳಿದಿದ್ದಾರೆ. ಗುಂಡಿ ಮುಚ್ಚಿದರೆ ಆ ಪಾಪದ ಗುರುತೂ ಮುಚ್ಚೀತು ಎನ್ನುವುದು ತಾಯಿಯ ಆಸೆ.

"ಅವಳಿಗೆ ಇವತ್ತಿನವರೆಗೂ ನೋವಾಗ್ಲಿಲ್ಲ ಅಂತಲೇ ಹೇಳಿದ್ದೇನೆ" ಎಂದರು. "ಇಲ್ಲಿ ನೀವು ಎಷ್ಟು ಅಂತ ಕೇಳುದು ಹೊರಗೆ ಕೇಳ್ತದೆ. ನಾನು ಏಳು ಎಂಟು ಅಂದ್ರೆ ಅವಳು ಆ ದಿನದ ಲೆಕ್ಕ ಹಾಕುದಿಲ್ವಾ?"

ಅವರು ಹೋದ ಮೇಲೆ ಕಾಯುತ್ತಿದ್ದ ಮದುಮಗಳೊಬ್ಬಳಿಗೆ ತುಟಿಗೆ ಕ್ರೀಮ್ ಹಚ್ಚಿದೆ. ಅವಳು ಕನ್ನಡಿ ನೋಡಿ ನಗುತ್ತಾ, "ಮೇಡಂ, ಏನೂ ಗೊತ್ತೇ ಆಗ್ತಾ ಇಲ್ಲ" ಎಂದಳು. ದಿನಾ ಕೇಳಿ ಸಂತೋಷಪಡುವ ಮಾತು. ಅವತ್ತು ನಾನು ಸೂಜಿ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ. ಮುಂದಿನ ಎಷ್ಟೋ ದಿನ ಹಾಗೆಯೇ. ಯಾರ ಮುಖ ಮರಗಟ್ಟಿದರೂ ಅದರ ಮೇಲೆ ಒಂದು ಪುಟ್ಟ ಕೆಸರುಗಾಲು ಇದ್ದು, ಈಗ ಇಲ್ಲವಾಗಿದೆ ಎನಿಸುತ್ತಿತ್ತು. ದೆವ್ವ ಭೂತ ನಂಬುವವಳಲ್ಲ ನಾನು. ಆದರೆ ಆ ಕಾಲಿಗೆ ಹೆದರಿದೆ, ನಿಜವಾಗಿಯೂ ಹೆದರಿದೆ.

ಕೆಲಸ ಅರ್ಧಕ್ಕೆ ನಿಂತಿತ್ತು. ಮುಂದೆ ಎರಡು ದಾರಿ. ದೊಡ್ಡ ಆಸ್ಪತ್ರೆಗೆ ಕಳಿಸಿ ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡಿಸಬಹುದು. ಎಚ್ಚರವಾಗುವಾಗ ಕೆನ್ನೆ ಮರವಾಗಿರುತ್ತದೆ. ಅದೂ ಕಣ್ಣು ಮುಚ್ಚಿಕೊಂಡೇ ಆಗುವ ಎಚ್ಚರ. ಅದನ್ನು ನೆನೆಸಿಕೊಂಡೇ ಬೇಡವೆಂದೆ. ಇನ್ನೊಂದು, ಮದ್ದು ಬೆರೆಸದ ಬರಿಯ ಜೆಲ್ ತರಿಸಿ, ಎಲ್ಲ ನೋವನ್ನೂ ಇದ್ದ ಹಾಗೆ ಇರಗೊಟ್ಟು ಮಾಡುವುದು. ಜೊತೆಗೆ ಓದಿದ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. "ನಿನಗೆ ತಲೆ ಕೆಟ್ಟಿದೆಯಾ? ಇದು ಯಾವ ಕಾಲದ ಚಿಕಿತ್ಸೆ?" ಎಂದು ಬೈದಳು. ಅವಳು ಹೇಳಿದ್ದು ಸರಿಯೇ. ಆದರೆ ಅವಳು ಆ ನಾಡಿ ಇಳಿದದ್ದನ್ನು ನೋಡಿರಲಿಲ್ಲ. ಬರಿಯ ಜೆಲ್ ಸಿಗುವುದು ಕಷ್ಟವಾಯಿತು. ಈಗ ಅದನ್ನು ಕೇಳುವವರೇ ಇಲ್ಲ. ಕೊನೆಗೆ ಬೆಂಗಳೂರಿನಿಂದ ಮೈಸೂರಿಗೆ, ಮೈಸೂರಿನಿಂದ ಬಸ್ಸಿನಲ್ಲಿ ಐಸ್ ಡಬ್ಬಿಯೊಳಗೆ ಬಂತು.

ಆ ತಾಯಿಯನ್ನು ಕರೆಸಿ ನೇರವಾಗಿ ಹೇಳಿದೆ. "ನೋವು ಬೇಕು ಅಂದ್ರಿ, ಒಪ್ಪಿದೆ. ಆದರೆ ಅದು ನಿಮಗೆ ಮಾತ್ರ ಅಲ್ಲ, ನನಗೂ ಬೇಕು. ಆ ಕೆನ್ನೆಯೊಳಗೆ ನಾಳ ಎಲ್ಲುಂಟು ಅಂತ ನನಗೆ ಕಾಣುದಿಲ್ಲ. ನೀವು ಸೊನ್ನೆ ಸೊನ್ನೆ ಅಂತ ಕೂತರೆ ನಾನು ಕಣ್ಣು ಕಟ್ಟಿಕೊಂಡು ಚುಚ್ಚಿದ ಹಾಗೆ. ನಿಜ ಹೇಳುದಾದ್ರೆ ಮಾತ್ರ ಸೂಜಿ ಮುಟ್ಟುತ್ತೇನೆ. ಮಗಳನ್ನು ಮನೆಯಲ್ಲೇ ಬಿಟ್ಟು ಬನ್ನಿ ಬೇಕಾದರೆ."

ಅವರು ಯೋಚಿಸಿ ಹೇಳುತ್ತೇನೆಂದು ಹೋದರು. ಮಳೆ ಹಿಡಿಯಿತು. ಹುಡುಗಿಯ ಕಾಲೇಜು ಶುರುವಾಗಲು ಇನ್ನು ಹೆಚ್ಚು ದಿನವಿರಲಿಲ್ಲ. ಬರುವುದಿಲ್ಲವೇನೋ ಎಂದುಕೊಂಡು ಆ ಜೆಲ್ಲಿನ ಡಬ್ಬಿಯನ್ನು ಫ್ರಿಜ್ಜಿನ ಹಿಂದಕ್ಕೆ ತಳ್ಳಿದ ಮಾರನೇ ದಿನ ಬಂದರು. ಇಬ್ಬರೂ ಬಂದಿದ್ದರು.

"ಅವಳೂ ಒಳಗೆ ಬರ್ಲಿ" ಎಂದರು ತಾಯಿ. ಅಷ್ಟೇ. ನರ್ಸಮ್ಮ ಒಂದು ಸ್ಟೂಲನ್ನು ಬಲಗಡೆ ಹಾಕಿದಳು. ಹುಡುಗಿ ಕೂತು, ತಾಯಿಯ ಕೈ ಹಿಡಿದು, ಕಿಟಕಿಯ ಗಾಜಿನ ಮೇಲೆ ಇಳಿಯುವ ನೀರನ್ನು ನೋಡತೊಡಗಿದಳು.

ಕೆನ್ನೆ ಒರೆಸಿದೆ. ಗುರುತು ಹಾಕಿದೆ. ಉಳಿದ ಎಳೆಗಳನ್ನು ಬಿಡಿಸಲು ಸೂಜಿಯನ್ನು ಗಾಯದ ಅಡಿಗೆ ತೂರಿಸಿದೆ. ಕರಕರ ಎಂದಿತು.

"ಎಷ್ಟು ಅಕ್ಕ?"

ಮಾಡಿನ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ನಾನು ಕೈ ನಿಲ್ಲಿಸಿ ಕಾದೆ. ಹೇಳದಿದ್ದರೆ ಹೊರಗೆಳೆಯುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ.

"ಏಳು" ಎಂದರು.

ಹುಡುಗಿಯ ಬೆನ್ನು ನೆಟ್ಟಗಾಯಿತು. ಮುಖ ಮಾತ್ರ ಕಿಟಕಿಯ ಕಡೆಗೇ ಇತ್ತು. ನಾನು ಮುಂದುವರಿಸಿದೆ. ಏಳು, ಎಂಟು, ಮತ್ತೆ ಏಳು. ಎಳೆಗಳು ಬಿಟ್ಟವು. ರಕ್ತ ನಿಲ್ಲುವವರೆಗೆ ಒತ್ತಿ ಹಿಡಿದು, ಬರಿಯ ಜೆಲ್ಲಿನ ಸಿರಿಂಜಿಗೆ ಮೊಂಡು ಸೂಜಿ ಸಿಕ್ಕಿಸಿದೆ. ಮೂಳೆಯ ಮೇಲೆ ಮೊದಲ ಹನಿ. ಚರ್ಮದ ಬಣ್ಣ ನೋಡಿದೆ, ಸರಿಯಿತ್ತು. ಇನ್ನೊಂದು ಹನಿ. ನಾಡಿ ಅರವತ್ತರ ಮೇಲೆ ಎಲ್ಲೋ ತಣ್ಣಗೆ ಕೂತಿತ್ತು. ನಾಲ್ಕು ಸಲ ನಡೆದ ಈ ಹೋರಾಟದಲ್ಲಿ ಮೊದಲ ಬಾರಿಗೆ ನನಗೆ ದಾರಿ ಕಂಡಿತು. ಅವರು ಅಂಕಿ ಹೇಳುತ್ತಾ ಹೋದರು, ನಾನು ಆ ಅಂಕಿ ಹಿಡಿದು ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ನೋಡಿಕೊಂಡೆ.

ಕೆನ್ನೆ ಮೇಲೇಳುತ್ತಿದ್ದಾಗ ಹುಡುಗಿ ಬಾಯಿಬಿಟ್ಟಳು. ಕಿಟಕಿಯನ್ನು ನೋಡಿಕೊಂಡೇ.

"ನೋವಾದಾ ಅವ್ವ?"

ತಾಯಿ ಕಣ್ಣು ತೆರೆದರು. ನನ್ನ ಕೈ ನಿಂತಿತು. "ನೋವಾದೆ" ಎಂದರು, ನೋವಾಗುತ್ತಿದೆ ಎಂದು ಅವರ ಭಾಷೆಯಲ್ಲಿ.

"ಅಂದ್ ಕೂಡ ನೋವಾಗಿತ್ತಾ?"

"ಆಗಿತ್ತ್ ಮಗಾ. ಭಾರೀ ಆಗಿತ್ತ್."

"ಮತ್ತೆ ಇಲ್ಲೆ ತ ಯಾಕೆ ಹೇಳ್ದೆ?" ಇಲ್ಲ ಅಂತ ಯಾಕೆ ಹೇಳಿದೆ ಎಂದು ಕೇಳುತ್ತಿದ್ದಳು.

"ನೀ ಇಳಿದು ಬಿಟ್ರೆ ತ ಹೆದ್ರಿಕೆ."

ಹುಡುಗಿ ಅಳಲಿಲ್ಲ. ಆ ಗಂಭೀರ ಮುಖದಲ್ಲಿ ಏನೂ ಬದಲಾಗಲಿಲ್ಲ. ಆದರೆ ಮಾತು ಹೊರಡಿಸಲು ಎರಡು ಮೂರು ಸಲ ಉಸಿರೆಳೆದುಕೊಳ್ಳಬೇಕಾಯಿತು. ಆಮೇಲೆ ಹೇಳಿದ್ದನ್ನು ಅವಳು ಅವರ ಭಾಷೆಯಲ್ಲೇ ಹೇಳಿದಳು. ಅಟ್ಟದ ಅಡ್ಡ ಹಿಡಿದು, ಕೆನ್ನೆಯ ಮೇಲೆ ನಿಂತೇ ಅವಳು ಅವ್ವನನ್ನು ಕರೆದಿದ್ದಳು. ಒಂದು ಸಲ ಇಲ್ಲೆ ಎಂದ ಅವ್ವ ಆಮೇಲೆ ಮಾತಾಡಲಿಲ್ಲ. ಕೆಳಗೆ ನೋಡಿದರೆ ಕೆಸರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

"ನಾ ಕಾಲಲ್ಲಿ ಒತ್ತಿ ನೋಡ್ದೆ ಅವ್ವ. ಬೇಕೂಂತಲೇ ಒತ್ತಿದೆ. ಜೋರಾಗಿ. ನೋವಾದ್ರೆ ನೀ ಕೂಗುವೆ ತ. ನೀ ಕೂಗಿತ್ಲೆ. ಇನ್ನೊಮ್ಮೆ ಒತ್ತಿದೆ. ಆಗಳೂ ಕೂಗಿತ್ಲೆ." ಅವಳ ದನಿ ಮೊದಲ ಸಲ ಒಡೆಯಿತು. "ನೀ ಸತ್ತ್ ಹೋದೆ ತ ಅಂದ್ಕಂಡೆ. ಸತ್ತ ಅವ್ವನ ಮೇಲೆ ನಿಂತಿದ್ದೆ ನಾ."

ನರ್ಸಮ್ಮ ಗೋಡೆಯ ಕಡೆ ತಿರುಗಿದಳು. ನನ್ನ ಕಣ್ಣೂ ಮಂಜಾಯಿತು, ಆದರೆ ಅವರ ಕೆನ್ನೆಯೊಳಗೆ ನನ್ನ ಸೂಜಿ ಇತ್ತು, ಒರೆಸಿಕೊಳ್ಳುವಂತಿರಲಿಲ್ಲ. ಮನೆಯವರೆಲ್ಲ ಇಷ್ಟು ವರ್ಷ ಅದನ್ನು ಕಾಲಿಟ್ಟ ಪಾಪ ಎಂದು ತಿಳಿದಿದ್ದರು. ಅವಳಿಗೆ ಕಾಲಿಟ್ಟದ್ದು ದೊಡ್ಡದಾಗಿರಲೇ ಇಲ್ಲ. ಆ ಮುಖ ನೋಡಿದಾಗಲೆಲ್ಲ ಅವಳಿಗೆ ಕಾಣುತ್ತಿದ್ದದ್ದು ಒತ್ತಿದರೂ ಕೂಗದ ಮುಖ.

ತಾಯಿ ಮಗಳ ಕೈಯನ್ನು ಬೆರಳು ಬಿಳುಚುವಷ್ಟು ಗಟ್ಟಿಯಾಗಿ ಹಿಡಿದಿದ್ದರು. ಕೊನೆಯ ಜಾಗ ಒಂದು ಉಳಿದಿತ್ತು, ಗಾಯದ ನಡುಮಧ್ಯ, ಎಲ್ಲಕ್ಕಿಂತ ಹೆಚ್ಚು ನೋಯುವುದು. ಇವತ್ತಿಗೆ ಸಾಕು ಎಂದು ಸೂಜಿ ಹೊರಗೆಳೆಯಬಹುದಿತ್ತು.

"ಅಕ್ಕ, ಇದು ನೋಯ್ತದೆ" ಎಂದೆ.

ಅವರು ಕಣ್ಣಲ್ಲೇ ಸರಿ ಎಂದರು. ನಾನು ತಳ್ಳಿದೆ.

"ಅಯ್ಯೋ!" ಎಂದು ಅವರು ಕೂಗಿದರು. "ಅಯ್ಯಯ್ಯೋ ಅವ್ವಾ!" ಮೈಯಲ್ಲಿದ್ದ ಉಸಿರನ್ನೆಲ್ಲ ಹಾಕಿ ಕೂಗಿದರು. ಕೆಳಗಿನ ಔಷಧಿ ಅಂಗಡಿಯಲ್ಲಿ ಮಾತು ನಿಂತಿತು.

ಹುಡುಗಿ ತಿರುಗಿದಳು. ಸ್ಟೂಲಿನಿಂದ ಎದ್ದು, ಕುರ್ಚಿಯನ್ನು ಬಳಸಿ ನನ್ನ ಪಕ್ಕಕ್ಕೆ, ಎಡಗಡೆಗೆ ಬಂದು ಬಗ್ಗಿದಳು. ತಾಯಿಯ ಮುಖಕ್ಕೆ ಮುಖ ತಂದು, ಕೆಂಪಾಗಿ ಉಬ್ಬಿದ ಕೆನ್ನೆಯನ್ನು, ಅದರ ಮೇಲಿನ ರಕ್ತದ ಚುಕ್ಕೆಯನ್ನು, ನೀರು ತುಂಬಿದ ಕಣ್ಣನ್ನು ನೋಡುತ್ತಲೇ ನಿಂತಳು.

"ಇನ್ನೊಮ್ಮೆ ಹೇಳವ್ವ" ಎಂದಳು.

"ನೋವಾದೆ ಮಗಾ" ಎಂದರು ತಾಯಿ. "ನೋವಾದೆ. ನೋವಾದೆ."